ಬೂಷ್ಟಿನ ವಿದ್ವಾಂಸರು ಬೇಕಾಗಿದ್ದಾರೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಬೂಷ್ಟನ್ನು ಕುರಿತು ಲೇಖನ ಬರೆಯಹೊರಟಿರುವುದನ್ನು ಕಂಡು ಗೆಳೆಯರು ನಕ್ಕಾರು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ನನ್ನ ವ್ಯಾಸಂಗದ ವಿಷಯಗಳು. ಸೂಕ್ಷ್ಮದರ್ಶಕವನ್ನು ನಾನು ಕಂಡಿರುವುದು ಹೈಸ್ಕೂಲಿನ ಬೀರುವಿನ ಗಾಜಿನ ಹಿಂದೆ ಮಾತ್ರ, ಅದೂ ಬೀಗ ಹಾಕಿದ ಬೀರು. ಸಂಪಾದಕರು ಕವನವನ್ನೋ ಪ್ರವಾಸ ಕಥನವನ್ನೋ ಕೊಡೆಂದು ಕೇಳಿದ್ದರು. ಪ್ರವಾಸಕ್ಕೆ ಹಣ ಕಟ್ಟಲಾಗದೆ ನಾನು ಹೋಗಲಿಲ್ಲ. ಕವನ ನನಗೆ ಒಲಿದಿಲ್ಲ. ಕಳೆದ ಮಳೆಗಾಲದಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವ ಒಂದು ವಾದ ಮಾತ್ರ ನನ್ನ ಬಳಿ ಇದೆ. ಅದನ್ನೇ ಗುರುಗಳ ಹಾಗೂ ಮಿತ್ರರ ಮುಂದಿಡುತ್ತಿದ್ದೇನೆ.

ನನ್ನ ತಂದೆ ಅಡಿಕೆಯ ಮರ ಹತ್ತುವವರು. ಮಳೆ ಬಲವಾಗಿ ಹಿಡಿಯುವ ಮುನ್ನ ಊರಿನ ತೋಟಗಳಲ್ಲಿ ಕೊನೆಗಳಿಗೆ ಔಷಧಿ ಹೊಡೆಯುವುದು ಅವರ ಕೆಲಸ. ಮೈಲುತುತ್ತ ಸುಣ್ಣ ಬೆರೆಸಿದ ಆ ನೀಲಿ ನೀರು ಅವರ ಅಂಗಿಯಿಂದ ಎಂದೂ ಹೋದುದಿಲ್ಲ. ಈ ಔಷಧಿಗೆ ಒಂದು ಇತಿಹಾಸವಿದೆ. ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಎಂಬವರು ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಬಂದರು. ಅಡಿಕೆಯ ಕೊಳೆರೋಗವನ್ನು ತೋಟದಲ್ಲೇ ನಿಂತು ಪರೀಕ್ಷಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸಿದರೆ ಅದನ್ನು ತಡೆಯಬಹುದೆಂದು ೧೯೧೦ರಲ್ಲಿ ಬರೆದು ಪ್ರಕಟಿಸಿದರು. (ಆ ರೋಗದ ಜೀವಿಯನ್ನು ಇಂದಿನ ಶಾಸ್ತ್ರಜ್ಞರು ನಿಜವಾದ ಶಿಲೀಂಧ್ರಗಳ ಕುಲಕ್ಕೆ ಸೇರಿಸುವುದಿಲ್ಲವಂತೆ, ಕೊನೆ ಉದುರಿದವನಿಗೆ ಕುಲ ಯಾವುದಾದರೇನು?) ಕಾಫಿ ಗಿಡದ ಒಂದು ರೋಗದ ಶಿಲೀಂಧ್ರಕ್ಕಂತೂ ಹತ್ತೊಂಬತ್ತನೆಯ ಶತಮಾನದ ಪಂಡಿತರು ಇಟ್ಟ ಲ್ಯಾಟಿನ್ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಮಾತು ಸೇರಿಹೋಗಿದೆ. ಕನ್ನಡದ ಒಂದು ಶಬ್ದ ಬೂಷ್ಟಿನ ದೆಸೆಯಿಂದ ಜಗತ್ತನ್ನು ಸುತ್ತಿ ಬಂತು.

ಮರದ ರೋಗಕ್ಕೆ ಇಷ್ಟು ಉಪಚಾರ ನಡೆಯಿತು. ಮರ ಹತ್ತುವವನ ಚರ್ಮಕ್ಕೆ ಏನು ನಡೆಯಿತೆಂಬುದು ನನ್ನ ವಾದದ ಮೂಲ.

ನಮ್ಮ ಕಡೆ ಹುಳುಕಡ್ಡಿ ಎನ್ನುವ, ಕೆಲವೆಡೆ ಗಜಕರ್ಣವೆನ್ನುವ ರೋಗ ತಂದೆಯವರಿಗೆ ಮೂರು ವರ್ಷಗಳ ಹಿಂದೆ ಸೊಂಟದ ಸುತ್ತ, ತೊಡೆಯ ಸಂದಿಯಲ್ಲಿ ಆರಂಭವಾಯಿತು. ಹೇಳಿಕೊಳ್ಳುವ ಜಾಗವಲ್ಲ, ಹೇಳಿಕೊಳ್ಳಲಿಲ್ಲ. ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ‘ತುರಿಕೆಗೆ ಏನಾದರೂ ಕೊಡಿ’ ಎಂದು ಕೇಳಿದರು. ಒಂದು ಟ್ಯೂಬು ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯಿತು, ತುರಿಕೆ ನಿಂತಿತು. ಆ ಮುಲಾಮಿಗೆ ನಮ್ಮ ಮನೆಯಲ್ಲಿ ಸಂಜೀವಿನಿಯ ಪಟ್ಟ ಸಿಕ್ಕಿತು. ಟ್ಯೂಬು ಮುಗಿದ ವಾರಕ್ಕೆ ರೋಗ ಇಮ್ಮಡಿಯಾಗಿ ಮರಳಿತು. ಮತ್ತೊಂದು ಟ್ಯೂಬು ಬಂತು. ಹೀಗೆ ಹದಿನೆಂಟು ತಿಂಗಳು. ಅಷ್ಟರಲ್ಲಿ ತಾಯಿಗೂ ಹತ್ತಿತ್ತು. ಗದ್ದೆಯ ಕೆಸರಿನಲ್ಲಿ ಒದ್ದೆ ಸೀರೆಯಲ್ಲೇ ದಿನವಿಡೀ ನಿಲ್ಲುವವರಿಗೆ ಅದು ಹತ್ತದೆ ಹೋದರೆ ಆಶ್ಚರ್ಯ. ಕೊನೆಗೆ ನನಗೂ ಹತ್ತಿದಾಗ ಹಾಸ್ಟೆಲಿನಲ್ಲಿ ಮುಚ್ಚಿಡಲಾಗದೆ ಮೂವರೂ ಜಿಲ್ಲಾ ಆಸ್ಪತ್ರೆಯ ಚರ್ಮದ ವೈದ್ಯರಲ್ಲಿಗೆ ಹೋದೆವು.

ವಯಸ್ಸಿನಲ್ಲಿ ಚಿಕ್ಕವರಾದ ಆ ಡಾಕ್ಟರಮ್ಮ ಬೈಯಲಿಲ್ಲ. ಟ್ಯೂಬನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರಗಳನ್ನು ತೋರಿಸಿದರು. ಶಿಲೀಂಧ್ರವನ್ನು ಕೊಲ್ಲುವ ಮದ್ದಿನ ಜೊತೆಗೆ ಅದರಲ್ಲಿ ಪ್ರಬಲವಾದ ಸ್ಟೀರಾಯ್ಡ್ ಇತ್ತು. ಕೆಂಪಾಗುವುದು, ತುರಿಸುವುದು ನಮ್ಮ ಮೈ ಶತ್ರುವಿನೊಡನೆ ಹೋರಾಡುತ್ತಿರುವುದರ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ಮಲಗಿಸುತ್ತದೆ. ಕಾವಲುಗಾರ ನಿದ್ದೆಹೋದ ತೋಟಕ್ಕೆ ಕಳ್ಳ ನಿಶ್ಚಿಂತೆಯಿಂದ ನುಗ್ಗುತ್ತಾನೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ ೨೦೧೮ರಲ್ಲಿಯೇ ಕಟ್ಟು ಮಾಡಿದೆ. ಕಟ್ಟು ಕಾಗದದ ಮೇಲಿದೆ. ಟ್ಯೂಬು ಅಂಗಡಿಯ ಮೇಜಿನ ಮೇಲಿದೆ.

‘ಇದು ನಿಮ್ಮ ಅಜ್ಜನ ಕಾಲದ ಹುಳುಕಡ್ಡಿಯಲ್ಲ’ ಎಂದು ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂರಿಸಿತು. ಹಿಂದೆ ಎರಡು ಮೂರು ವಾರಗಳ ಗುಳಿಗೆಯಿಂದ ಹೋಗುತ್ತಿದ್ದ ರೋಗ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭಾರತದಲ್ಲೆಲ್ಲ ಹಠಮಾರಿಯಾಗಿದೆ. ಟರ್ಬಿನಫಿನ್ ಎಂಬ ಪ್ರಸಿದ್ಧ ಮದ್ದಿಗೆ ಅದು ಹಲವರಲ್ಲಿ ಬಗ್ಗುವುದಿಲ್ಲ. ಈ ಹೊಸ ತಳಿಗೆ ೨೦೨೦ರಲ್ಲಿ ಹೆಸರಿಡಲಾಯಿತು: ಟ್ರೈಕೋಫೈಟಾನ್ ಇಂಡೋಟೀನಿಯೆ. ಹೆಸರಿನಲ್ಲಿ ನಮ್ಮ ದೇಶವಿದೆ. ಮದ್ದಿಗೆ ಬಗ್ಗದ ಈ ಶಿಲೀಂಧ್ರಗಳನ್ನು ಕುರಿತು ನಮ್ಮ ಸಂಶೋಧಕರು ಅದಕ್ಕೆ ಮೊದಲೇ ಬರೆದಿದ್ದರು. ಆದರೆ ನಾಮಕರಣ ಮಾಡಿದವರು ಜಪಾನಿನ ವಿದ್ವಾಂಸರು, ಅಲ್ಲಿ ನೆಲೆಸಿದ್ದ ಭಾರತ ಮತ್ತು ನೇಪಾಳದ ರೋಗಿಗಳ ಚರ್ಮದಿಂದ ತೆಗೆದ ಮಾದರಿಯನ್ನು ನೋಡಿ. ನಮ್ಮ ತಂದೆಯವರ ರೋಗದ ಹೆಸರು ಹುಟ್ಟಿದ್ದು ಜಪಾನಿನಲ್ಲಿ ಎಂದು ತಿಳಿದಾಗ ನನಗೆ ಹೆಮ್ಮೆಯೋ ನಾಚಿಕೆಯೋ ತಿಳಿಯಲಿಲ್ಲ.

ಚರ್ಮದ ತುರಿಕೆಗೆ ಇಷ್ಟು ಗಲಾಟೆಯೇ ಎಂದು ಕೇಳುವವರು ೨೦೨೧ನೆಯ ಇಸವಿಯನ್ನು ನೆನೆಯಬೇಕು. ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೆ ‘ಕಪ್ಪು ಶಿಲೀಂಧ್ರ’ ಬಂತು. ಅದೇನೂ ಕಪ್ಪಲ್ಲ, ಅದು ಹೊಕ್ಕ ಮಾಂಸ ರಕ್ತವಿಲ್ಲದೆ ಸತ್ತು ಕಪ್ಪಾಗುತ್ತದೆ. ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಪಡೆದವರು ಅದಕ್ಕೆ ಹೆಚ್ಚಾಗಿ ತುತ್ತಾದರು. ಜೂನ್ ತಿಂಗಳ ಕೊನೆಗೆ ದೇಶದಲ್ಲಿ ೪೦,೦೦೦ಕ್ಕೂ ಮೇಲ್ಪಟ್ಟ ಪ್ರಕರಣಗಳು, ೩,೦೦೦ಕ್ಕೂ ಮೇಲ್ಪಟ್ಟ ಸಾವುಗಳು ವರದಿಯಾಗಿದ್ದುವು. ಜನ ಕಣ್ಣು ಕಳೆದುಕೊಂಡರು, ದವಡೆ ಕಳೆದುಕೊಂಡರು. ಆಂಫೊಟೆರಿಸಿನ್-ಬಿ ಎಂಬ ಮದ್ದಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿದರು. ಆ ಮದ್ದು ಪತ್ತೆಯಾದುದು ೧೯೫೦ರ ದಶಕದಲ್ಲಿ, ವೆನೆಜುವೆಲಾ ದೇಶದ ಒರಿನೊಕೊ ನದಿಯ ಬಳಿಯ ಮಣ್ಣಿನ ಒಂದು ಜೀವಿಯಿಂದ. ಎಪ್ಪತ್ತು ವರ್ಷ ಹಳೆಯ ಅಸ್ತ್ರವನ್ನೇ ನಾವು ಇನ್ನೂ ನಂಬಿದ್ದೇವೆ. ಅದು ಮೂತ್ರಪಿಂಡಕ್ಕೂ ಪೆಟ್ಟು ಕೊಡುವ ಅಸ್ತ್ರ.

ಹೊಸ ಮದ್ದು ಏಕೆ ಸಿಗುವುದಿಲ್ಲ? ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಬ್ಯಾಕ್ಟೀರಿಯ ನಮಗಿಂತ ತೀರ ಬೇರೆ ಬಗೆಯ ಜೀವಿ. ನಮಗೆ ತಾಗದಂತೆ ಅದನ್ನು ಕೊಲ್ಲಬಹುದು. ಶಿಲೀಂಧ್ರವೋ, ನೋಡಲು ಗಿಡದ ಹಾಗಿದ್ದರೂ ವಂಶಾವಳಿಯಲ್ಲಿ ಗಿಡಗಳಿಗಿಂತ ಪ್ರಾಣಿಗಳಿಗೇ ಸಮೀಪದ ದಾಯಾದಿ. ಅದರ ಜೀವಕೋಶದ ಕಟ್ಟೋಣ ನಮ್ಮದನ್ನೇ ಹೋಲುತ್ತದೆ. ಗದ್ದೆಯಲ್ಲಿ ಭತ್ತದಂತೆಯೇ ಕಾಣುವ ಕಳೆಯನ್ನು ಕಿತ್ತವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದಲೇ ಮೈಯೊಳಗಿನ ಶಿಲೀಂಧ್ರ ರೋಗಗಳಿಗೆ ಇರುವ ಮದ್ದಿನ ವರ್ಗಗಳು ಬೆರಳೆಣಿಕೆಯವು. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರ ಅಕ್ಟೋಬರಿನಲ್ಲಿ ಮೊಟ್ಟಮೊದಲ ಬಾರಿಗೆ ೧೯ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯನ್ನು ಹೊರಡಿಸಿತು. ಆಗಲೇ ಅದು ಹೇಳಿದ ಒಂದು ಅಂಕಿ: ಸಾಂಕ್ರಾಮಿಕ ರೋಗಗಳ ಸಂಶೋಧನೆಗೆ ಸಲ್ಲುವ ಹಣದಲ್ಲಿ ಶಿಲೀಂಧ್ರ ರೋಗಗಳ ಪಾಲು ಶೇಕಡಾ ೧.೫ಕ್ಕಿಂತಲೂ ಕಡಿಮೆ. ನೂರು ರೂಪಾಯಿಯಲ್ಲಿ ಒಂದೂವರೆ ರೂಪಾಯಿಯೂ ಇಲ್ಲ.

ಇನ್ನು ನಮ್ಮ ಮನೆಯ ವಾದಕ್ಕೆ ಬರುತ್ತೇನೆ. ನನ್ನ ತಂಗಿ ವಿಜ್ಞಾನ ವಿಷಯದಲ್ಲಿ ಪಿ.ಯು.ಸಿ. ಮುಗಿಸಿದ್ದಾಳೆ. ಡಾಕ್ಟರಾಗಬೇಕೆಂದು ಆಸೆಯಿತ್ತು. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಸರ್ಕಾರಿ ಸೀಟು ದೊರೆಯುವಷ್ಟು ಅಂಕ ಬರಲಿಲ್ಲ. ದುಡ್ಡು ಕೊಟ್ಟು ಸೇರುವ ಮಾತೇ ನಮ್ಮಲ್ಲಿಲ್ಲ. ಅಂದಿನಿಂದ ಅವಳು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೇರಿಸಿದ್ದಾಳೆ. ಡಾಕ್ಟರಾಗದಿದ್ದರೆ ರೋಗದ ವಿಷಯಕ್ಕೂ ತನಗೂ ಸಂಬಂಧ ಮುಗಿಯಿತೆಂಬುದು ಅವಳ ತೀರ್ಮಾನ. ಪಕ್ಕದ ಮನೆಯ ಅಕ್ಕ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇನೆಂದು ಹೇಳಿಕಳುಹಿಸಿದ್ದಾರೆ.

ಆ ತೀರ್ಮಾನ ತಪ್ಪೆಂದು ನನಗೂ ಗೊತ್ತಿರಲಿಲ್ಲ. ವೈದ್ಯರಾಗದೆಯೂ ಶಿಲೀಂಧ್ರ ರೋಗಗಳಲ್ಲಿ ಡಾಕ್ಟರೇಟ್ ಮಾಡಬಹುದು. ಬಿ.ಎಸ್ಸಿ., ಆಮೇಲೆ ಸೂಕ್ಷ್ಮಜೀವಿಶಾಸ್ತ್ರವೋ ಸಸ್ಯಶಾಸ್ತ್ರವೋ ಜೈವಿಕ ತಂತ್ರಜ್ಞಾನವೋ ಎಂ.ಎಸ್ಸಿ., ಆಮೇಲೆ ನೆಟ್ ಪರೀಕ್ಷೆ. ಅದರಲ್ಲಿ ಶಿಷ್ಯವೃತ್ತಿಗೆ ಆಯ್ಕೆಯಾದವರಿಗೆ ೨೦೨೩ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಅನಂತರ ೪೨,೦೦೦ ರೂಪಾಯಿ. ಓದುವವರಿಗೆ ಸರ್ಕಾರವೇ ಸಂಬಳ ಕೊಡುತ್ತದೆಂಬುದನ್ನು ನಮ್ಮ ತಾಯಿ ಇಂದಿಗೂ ನಂಬಿಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವೇ ಇದೆ. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಈ ಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ. ಕ್ಯಾಂಡಿಡಾ ಆರಿಸ್ ಎಂಬ, ಆಸ್ಪತ್ರೆಗಳನ್ನು ನಡುಗಿಸುತ್ತಿರುವ ಶಿಲೀಂಧ್ರವನ್ನು ಅಂಡಮಾನಿನ ಕಡಲ ತೀರದಲ್ಲಿ ಕಂಡುಹಿಡಿದು ೨೦೨೧ರಲ್ಲಿ ಪ್ರಕಟಿಸಿದ ಡಾ. ಅನುರಾಧಾ ಚೌಧರಿಯವರ ತಂಡ ಅಲ್ಲಿಯದು. ಅಷ್ಟು ದೂರವೇಕೆ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಇಂಥ ಶಿಲೀಂಧ್ರಗಳ ಮೇಲೆ ಪ್ರಬಂಧ ಬರೆದು ಪಿಎಚ್.ಡಿ. ಪಡೆದವರಿದ್ದಾರೆ. ಹೊರದೇಶದಲ್ಲಾದರೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಶಿಲೀಂಧ್ರಶಾಸ್ತ್ರಕ್ಕೆ ಪ್ರತ್ಯೇಕ ಕೇಂದ್ರವಿದೆ. ಹೊರದೇಶಕ್ಕೆ ಹೋಗಲು ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳನ್ನು ಓದುತ್ತಿದ್ದೆ. ಅರ್ಹರ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯವರು, ಅಲೆಮಾರಿಗಳು, ಕುಶಲಕರ್ಮಿಗಳ ಜೊತೆಗೆ ‘ಭೂರಹಿತ ಕೃಷಿ ಕಾರ್ಮಿಕರು’ ಎಂದಿತ್ತು. ಆ ಸಾಲನ್ನು ಮೂರು ಸಲ ಓದಿದೆ. ನಮ್ಮ ಮನೆಯ ವಿಳಾಸವನ್ನೇ ಯಾರೋ ಬರೆದಂತಿತ್ತು.

ತಂದೆಯವರಿಗೆ ಇದನ್ನೆಲ್ಲ ಹೇಳಿದಾಗ ಅವರು ಎಲೆಯಡಿಕೆ ಉಗುಳಿ ಬಂದು ಕೇಳಿದರು: ‘ಬೂಷ್ಟು ಓದಕ್ಕೆ ಐದು ವರ್ಷ ಬೇಕೇನೋ? ಮಳೆಗಾಲದಲ್ಲಿ ನಮ್ಮನೆ ಗೋಡೆ ನೋಡಿದ್ರೆ ಸಾಲದೇನೋ?’

ನಗೆ ಬಂತು, ಉತ್ತರ ಕೂಡಲೆ ಬರಲಿಲ್ಲ. ಆಮೇಲೆ ಅವರಿಗೆ ಇಬ್ಬರು ಹೆಂಗಸರ ಕಥೆಯನ್ನು ಹೇಳಿದೆ. ಅಮೆರಿಕದ ಎಲಿಜಬೆತ್ ಹೇಜನ್ ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರು. ಶಾಲೆಯಲ್ಲಿ ಪಾಠ ಹೇಳಿ, ಮತ್ತೆ ಓದಿ, ನಲವತ್ತು ದಾಟಿದ ಮೇಲೆ ೧೯೨೭ರಲ್ಲಿ ಡಾಕ್ಟರೇಟ್ ಪಡೆದರು. ರೇಚಲ್ ಬ್ರೌನ್ ಅವರ ತಂದೆ ಸಂಸಾರವನ್ನು ಬಿಟ್ಟುಹೋಗಿದ್ದರು. ಮನೆಗೆ ಬೇಕಾದವರೊಬ್ಬರು ಫೀಸು ಕಟ್ಟಿದ್ದರಿಂದ ಆಕೆ ಕಾಲೇಜು ಕಂಡರು. ಷಿಕಾಗೋದಲ್ಲಿ ೧೯೨೬ರಲ್ಲಿ ಪ್ರಬಂಧವನ್ನು ಒಪ್ಪಿಸಿದರೂ ಕೈಯಲ್ಲಿ ಹಣವಿಲ್ಲದೆ ಮೌಖಿಕ ಪರೀಕ್ಷೆಗೆ ನಿಲ್ಲಲಾಗದೆ ಕೆಲಸಕ್ಕೆ ಸೇರಿದರು. ಪದವಿ ಕೈಗೆ ಬಂದುದು ೧೯೩೩ರಲ್ಲಿ. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ, ಇಬ್ಬರೂ ಆ ಸಂಸ್ಥಾನದ ಆರೋಗ್ಯ ಇಲಾಖೆಯ ನೌಕರರು. ಹೇಜನ್ ಅಲ್ಲಲ್ಲಿಯ ಮಣ್ಣಿನಿಂದ ಜೀವಿಗಳನ್ನು ಬೇರ್ಪಡಿಸಿ, ಶಿಲೀಂಧ್ರವನ್ನು ಕೊಲ್ಲುವಂಥವನ್ನು ಗಾಜಿನ ಭರಣಿಗಳಲ್ಲಿ ಅಂಚೆಯ ಮೂಲಕ ಕಳುಹಿಸುವರು. ಬ್ರೌನ್ ಅದರಿಂದ ಸತ್ವವನ್ನು ತೆಗೆದು ಅಂಚೆಯಲ್ಲೇ ಹಿಂದಿರುಗಿಸುವರು. ಗೆಳೆಯರೊಬ್ಬರ ಹೈನುಗಾರಿಕೆಯ ಹೊಲದ ಮಣ್ಣಿನಲ್ಲಿ ಕೊನೆಗೂ ಸಿಕ್ಕಿತು. ೧೯೫೦ರಲ್ಲಿ ಅದನ್ನು ಪ್ರಕಟಿಸಿ, ನ್ಯೂಯಾರ್ಕ್ ಸಂಸ್ಥಾನದ ಹೆಸರಿನಿಂದಲೇ ನಿಸ್ಟಾಟಿನ್ ಎಂದು ಕರೆದರು. ಮನುಷ್ಯರಿಗೆ ಸುರಕ್ಷಿತವಾಗಿ ಒದಗಿದ ಮೊದಲ ಶಿಲೀಂಧ್ರನಾಶಕ ಆಂಟಿಬಯೋಟಿಕ್ ಅದು. ಫ್ಲಾರೆನ್ಸ್ ನಗರದಲ್ಲಿ ೧೯೬೬ರ ಪ್ರವಾಹದಲ್ಲಿ ನೆನೆದು ಬೂಷ್ಟು ಹಿಡಿದ ಕಲಾಕೃತಿಗಳನ್ನು ಉಳಿಸಲೂ ಅದನ್ನು ಬಳಸಿದರು.

ಅದರಿಂದ ಬಂದ ಗೌರವಧನ ಒಂದು ಕೋಟಿ ಮೂವತ್ತು ಲಕ್ಷ ಡಾಲರು. ಅವರಿಬ್ಬರೂ ಅದರಲ್ಲಿ ಒಂದು ಕಾಸನ್ನೂ ಮನೆಗೆ ಒಯ್ಯಲಿಲ್ಲ. ಎಲ್ಲವೂ ಸಂಶೋಧನೆಗೆ ಹೋಯಿತು. ಅರ್ಧಭಾಗದಿಂದ ಅವರ ಹೆಸರಿನಲ್ಲೇ ಒಂದು ನಿಧಿಯಾಗಿ, ಆ ನಿಧಿಯಿಂದ ಎಷ್ಟೋ ವರ್ಷ ಹೊಸ ಹುಡುಗ ಹುಡುಗಿಯರು ಇದೇ ವೈದ್ಯಕೀಯ ಶಿಲೀಂಧ್ರಶಾಸ್ತ್ರವನ್ನು ಕಲಿತರು. ಯಾರೋ ತೆತ್ತ ಫೀಸಿನಿಂದ ಓದಿದಾಕೆ ಮುಂದಿನವರ ಫೀಸು ತೆತ್ತರು. ತಂದೆಯವರು ಕಥೆಯನ್ನು ಪೂರ್ತಿ ಕೇಳಿ, ‘ಮಣ್ಣನ್ನ ಅಂಚೆಲಿ ಕಳಿಸಿದ್ರಾ?’ ಎಂದಷ್ಟೇ ಕೇಳಿದರು. ಆದರೆ ಆ ರಾತ್ರಿ ಗಾರ್ಮೆಂಟಿನ ಮಾತು ಎತ್ತಲಿಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾನೂ ಅಮೆರಿಕದ ಕಥೆ ಹೇಳಿದೆನಲ್ಲ ಎಂದು ಆಮೇಲೆ ಅನ್ನಿಸಿತು. ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ ಎಂಬವರು ೧೯೪೦ರ ದಶಕದಲ್ಲಿ ಮೈಸೂರು ಸೀಮೆಯ ಗಿಡಗಳ ಮೇಲಿನ ಶಿಲೀಂಧ್ರಗಳನ್ನು ಕುರಿತು ಪ್ರಬಂಧಗಳನ್ನು ಬರೆದವರು. ಮುಂದೆ ಪುಣೆಯ ಬಳಿ ಪಿಂಪ್ರಿಯಲ್ಲಿನ ಸರ್ಕಾರಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿ, ಶಿಲೀಂಧ್ರ ರೋಗಗಳಿಗೆ ಹ್ಯಾಮೈಸಿನ್ ಎಂಬ ಮದ್ದನ್ನು ಹೊರತಂದರು. ಕಾರ್ಖಾನೆಯ ಹೆಸರಿನ ಮೊದಲಕ್ಷರಗಳೇ ಮದ್ದಿನ ಹೆಸರಾದುವು. ಗಿಡದ ಬೂಷ್ಟಿನಿಂದ ಆರಂಭಿಸಿ ಮನುಷ್ಯನ ಬೂಷ್ಟಿನವರೆಗೆ ನಡೆದ ಇವರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದುದಿಲ್ಲ.

ಎದುರು ವಾದವನ್ನು ಬಚ್ಚಿಡುವುದು ಸಲ್ಲ. ಪಿಎಚ್.ಡಿ. ಮುಗಿದ ಮೇಲೆ ಏನು? ನಮಗೆ ಪಾಠ ಹೇಳುವ ಅತಿಥಿ ಉಪನ್ಯಾಸಕರಲ್ಲಿಯೇ ಡಾಕ್ಟರೇಟ್ ಪಡೆದವರಿದ್ದಾರೆ. ಪ್ರತಿ ವರ್ಷ ಅವರ ಕೆಲಸ ಉಳಿಯುವುದೋ ಹೋಗುವುದೋ ಎಂದು ಅವರೊಡನೆ ನಾವೂ ಕಾಯುತ್ತೇವೆ. ಶಿಷ್ಯವೃತ್ತಿಯ ಹಣ ತಿಂಗಳು ತಿಂಗಳು ಸರಿಯಾಗಿ ಕೈಸೇರುವುದಿಲ್ಲವೆಂದು ಸಂಶೋಧನಾ ವಿದ್ಯಾರ್ಥಿಗಳು ಗೊಣಗುವುದನ್ನು ಕೇಳಿದ್ದೇನೆ. ಮನೆಯಿಂದ ಹಣ ತರಿಸಬಲ್ಲವನು ತಾಳಬಹುದು, ಮನೆಗೆ ಹಣ ಕಳುಹಿಸಬೇಕಾದವಳು ಏನು ಮಾಡಬೇಕು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೆಲಸದ ಖಾತ್ರಿ ಇದೆಯೆಂದು ತಂಗಿಗೆ ಸುಳ್ಳು ಹೇಳಲಾರೆ. ಆದರೆ ರೋಗ ಹೆಚ್ಚುತ್ತಿದೆ, ಬಲ್ಲವರು ಕಡಮೆ. ಇಂಥ ಕಡೆ ಬಾಗಿಲು ಇತರ ಕಡೆಗಿಂತ ಸ್ವಲ್ಪ ಅಗಲವಾಗಿಯೇ ಇರಬೇಕೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನ ಎಣಿಕೆ.

ಅದಂತಿರಲಿ, ನನ್ನ ಅಭಿಪ್ರಾಯದ ತಿರುಳು ಬೇರೆ. ಈ ಶಾಸ್ತ್ರಕ್ಕೆ ನಮ್ಮಂಥ ಮನೆಯ ಮಕ್ಕಳೇ ಬೇಕು. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವರ ಪಾದಕ್ಕೆ ಮುಳ್ಳು ಚುಚ್ಚಿ, ಶಿಲೀಂಧ್ರವೋ ಬ್ಯಾಕ್ಟೀರಿಯವೋ ಒಳಹೊಕ್ಕು, ಕಾಲನ್ನೇ ತಿನ್ನುವ ಒಂದು ರೋಗವಿದೆ. ತಮಿಳುನಾಡಿನ ಮಧುರೆಯ ಹೆಸರಿನಲ್ಲಿ ‘ಮಧುರಾ ಪಾದ’ ಎಂದು ಅದು ಪ್ರಸಿದ್ಧ. ಬೊಂಬಾಯಿಯಲ್ಲಿದ್ದ ವ್ಯಾಂಡೈಕ್ ಕಾರ್ಟರ್ ಎಂಬ ವೈದ್ಯ ೧೮೭೪ರಲ್ಲಿ ಅದರ ಮೇಲೆ ಗ್ರಂಥ ಬರೆದ. ಆಮೇಲೆ ಬಹುಕಾಲ ಅದನ್ನು ಕೇಳಿದವರು ಕಡಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಲಕ್ಷಿತ ರೋಗಗಳ ಪಟ್ಟಿಗೆ ಅದು ಸೇರಿದ್ದು ೨೦೧೬ರಲ್ಲಿ. ಅದಕ್ಕೆಂದೇ ಒಂದು ಸಂಶೋಧನಾ ಕೇಂದ್ರವನ್ನು ೧೯೯೧ರಲ್ಲಿ ಕಟ್ಟಿದ್ದು ಲಂಡನ್ನಿನಲ್ಲಲ್ಲ, ಸೂಡಾನಿನ ಖಾರ್ಟೂಮಿನಲ್ಲಿ, ಆ ದೇಶದವರೇ. ತಮ್ಮ ರೈತರ ಕಾಲುಗಳನ್ನು ಕಂಡವರು ಕಟ್ಟಿದರು. ೨೦೨೩ರಲ್ಲಿ ಆರಂಭವಾದ ಯುದ್ಧದಲ್ಲಿ ಆ ಕೇಂದ್ರ ಹಾಳಾಗಿ, ದಶಕಗಳ ಕಾಲ ಕೂಡಿಸಿದ ಮಾದರಿಗಳು ನಾಶವಾದುವೆಂದು ಓದಿದಾಗ, ಕಾಣದ ಊರಿಗಾಗಿ ನನಗೆ ನಿಜವಾಗಿ ಸಂಕಟವಾಯಿತು.

ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಸುವಾಗ ಮನುಷ್ಯ ಮೊದಲು ಎಲ್ಲಿಗೆ ಹೋಗುತ್ತಾನೆ, ಯಾವ ಮಾತಿನಲ್ಲಿ ಕೇಳುತ್ತಾನೆ, ಒದ್ದೆ ಬಟ್ಟೆಯನ್ನು ಏಕೆ ಬದಲಾಯಿಸಲಾರ, ಆರು ವಾರದ ಗುಳಿಗೆಯನ್ನು ಎರಡನೆಯ ವಾರಕ್ಕೆ ಏಕೆ ನಿಲ್ಲಿಸುತ್ತಾನೆ—ಇದನ್ನು ನಮ್ಮ ತಂಗಿಗೆ ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದುದು ಸೂಕ್ಷ್ಮದರ್ಶಕ. ಅದನ್ನು ಐದು ವರ್ಷದಲ್ಲಿ ಕಲಿಯಬಹುದು. ಕಲಾ ವಿಭಾಗದವರಾದ ನಾವೂ ಹೊರಗಿನವರಲ್ಲ. ಮುಲಾಮಿನ ಮಾರಾಟ, ಕೂಲಿ ಕಳೆಯುವ ಭಯ, ರೋಗಕ್ಕಂಟಿದ ನಾಚಿಕೆ ಇವು ಅರ್ಥಶಾಸ್ತ್ರ ಸಮಾಜಶಾಸ್ತ್ರಗಳ ಪ್ರಬಂಧಕ್ಕೆ ತಕ್ಕ ವಿಷಯಗಳೇ. ಪಂಚವಾರ್ಷಿಕ ಯೋಜನೆಗಳ ಮೇಲೆಯೇ ಇನ್ನೆಷ್ಟು ಪ್ರಬಂಧಗಳು ಬೇಕು?

ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಮೂರು ವರ್ಷಗಳಿಂದ ನಾನು ಕಂಡಿರುವುದು ಪೊಲೀಸ್ ನೇಮಕಾತಿ, ಪರೀಕ್ಷಾ ಶುಲ್ಕ, ಕಳೆದುಹೋದ ಗುರುತಿನ ಚೀಟಿ. ಪಕ್ಕದಲ್ಲಿ ಸಂಶೋಧನೆಯ ಶಿಷ್ಯವೃತ್ತಿಗಳಿಗೆಂದು ಒಂದು ಮೊಳ ಜಾಗವನ್ನು ಪ್ರಾಂಶುಪಾಲರು ಬಿಟ್ಟುಕೊಟ್ಟರೆ, ಕನ್ನಡದಲ್ಲಿ ಬರೆದು ಅಂಟಿಸುವ ಕೆಲಸವನ್ನು ನಾನು ಹೋಗುವವರೆಗೆ ಮಾಡುತ್ತೇನೆ. ಓದುವ ನಮ್ಮವರಿಗೆಲ್ಲ ಮನೆಯಲ್ಲಿ ತಮ್ಮ ತಂಗಿಯರಿದ್ದಾರೆ.

ತಂದೆಯವರ ಗುಳಿಗೆ ಇನ್ನೂ ನಡೆಯುತ್ತಿದೆ. ಸೊಂಟದ ಸುತ್ತ ಈಗ ಕಪ್ಪು ಗುರುತು ಮಾತ್ರ. ತಂಗಿ ಮೊನ್ನೆ ಅಟ್ಟದಿಂದ ಗೋಣಿಚೀಲವನ್ನು ಇಳಿಸಿ, ಜೀವಶಾಸ್ತ್ರದ ಪುಸ್ತಕಕ್ಕೆ ಹಿಡಿದಿದ್ದ ಬೂಷ್ಟನ್ನು ಒರೆಸಿ ಬಿಸಿಲಿಗಿಟ್ಟಳಂತೆ. ಅವಳು ಕೇಳಿರುವ ಪ್ರಶ್ನೆಯೊಂದು ನನ್ನಲ್ಲಿ ಉಳಿದಿದೆ: ‘ಅಣ್ಣಾ, ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ ತಗೊಳ್ಳೋದೋ, ಸೂಕ್ಷ್ಮಜೀವಿಶಾಸ್ತ್ರವೋ?’ ಬಲ್ಲ ಗುರುಗಳು ದಯವಿಟ್ಟು ತಿಳಿಸಬೇಕು. ಅರ್ಜಿ ತುಂಬಲು ಇನ್ನು ಒಂಬತ್ತು ದಿನವಿದೆ.